ಗೆಳೆಯನನ್ನು ಹಿಡಿದುಕೊಟ್ಟ ಹವಾಲ್ದಾರರು

ಹೆಸರು ಬರೆಯಬೇಡಿರೆಂದು ಅವರ ಹೆಂಡತಿ ಕೇಳಿಕೊಂಡಿದ್ದಾಳೆ. "ಬರೀರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಅವರ ಹೆಸರೂ ಬ್ಯಾಡ, ನಮ್ಮಣ್ಣನ ಹೆಸರೂ ಬ್ಯಾಡ. ಹೆಸರು ಗೊತ್ತಾತು ಅಂದ್ರ ಮಂದಿ ಉಳಿದದ್ದು ಓದಂಗಿಲ್ಲ" ಎಂದಳು. ಮಾತು ಸರಿಯೆನಿಸಿತು. ಅವರನ್ನು ಹವಾಲ್ದಾರರು ಎಂದಷ್ಟೇ ಕರೆಯುತ್ತೇನೆ.

ಮುನಿರಾಬಾದಿನ ನಮ್ಮ ಡ್ಯಾಮಿನ ಕಚೇರಿಯಲ್ಲಿ ಅವರನ್ನು ಹಾಗೆ ಕರೆಯುತ್ತಿದ್ದವರು ಕಡಿಮೆ. ಸೈನ್ಯದಿಂದ ನಿವೃತ್ತರಾಗಿ, ಮಾಜಿ ಸೈನಿಕರ ಮೀಸಲಿನಲ್ಲಿ ಗುಮಾಸ್ತರಾಗಿ ಬಂದವರು. ಎಲ್ಲರೂ "ಸುಬೇದಾರ್ರ, ಬರ್ರಿ" ಎನ್ನುತ್ತಿದ್ದರು. ಅವರು ಪ್ರತಿ ಸಲವೂ ತಿದ್ದುತ್ತಿದ್ದರು. "ಸುಬೇದಾರ ಅಲ್ರಿ, ಹವಾಲ್ದಾರ." ಒಮ್ಮೆ ನಮ್ಮ ಜವಾನನಿಗೆ ಬೇಸರ ಬಂದು, "ಪಗಾರ ನಾವೇನ ಕೊಡಬೇಕೇನ್ರಿ? ಬಾಯಿಲೆ ಒಂದು ಪ್ರಮೋಶನ್ ಕೊಟ್ರ ಏನ ಹೋಗ್ತೈತಿ?" ಎಂದ. "ನಿಮಗೇನೂ ಹೋಗಂಗಿಲ್ಲ. ಖರೇನ ಸುಬೇದಾರ ಆದಾಂವ ಇರ್ತಾನಲ್ಲ, ಅವಂದು ಹೋಗ್ತೈತಿ" ಎಂದು ತಮ್ಮ ಮೇಜಿಗೆ ಹೋದರು.

ಆ ಮೇಜು ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಡ್ಯಾಮಿನ ಕಾಲೋನಿಯಲ್ಲಿ ಅವರ ಮನೆಯೂ ನಮ್ಮ ಮನೆಗೆ ಅಂಟಿಕೊಂಡಿತ್ತು. ಸಪೂರ ಆಳು, ದೊಡ್ಡ ಕಿವಿ. ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಮೇಲಧಿಕಾರಿಗಳ ಫೋನು ಬಂದರೆ ಎದ್ದು ನಿಂತೇ ಮಾತಾಡುವರು. ಇಲ್ಲದವರ ಮಾತು ಯಾರಾದರೂ ತೆಗೆದರೆ "ಅವರು ಇದ್ದಾಗ ಮಾತಾಡೂಣ್ರಿ" ಎಂದು ಅಲ್ಲಿಗೆ ಮುಗಿಸುವರು. ಇದರಿಂದಾಗಿ ನಮ್ಮ ಊಟದ ಹೊತ್ತಿನ ಹರಟೆ ಅರ್ಧಕ್ಕರ್ಧ ಬಡವಾಯಿತು.

ಇನ್ನೊಂದು ರೂಢಿ ಇತ್ತು. ಏನು ಕೇಳಿದರೂ ಮೊದಲು "ಯಾಕ ಬೇಕಿತ್ರಿ?" ಅನ್ನುವುದು. ಕೊಪ್ಪಳದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೂ "ಯಾಕ ಬೇಕಿತ್ರಿ?" ಸಾಹೇಬರು ಒಂದು ಫೈಲು ಕೇಳಿದಾಗಲೂ ಬಾಯಿಂದ ಅದೇ ಬಂದು, ನಾಲಿಗೆ ಕಚ್ಚಿಕೊಂಡಿದ್ದುಂಟು. ಹುಡುಗರು ಅವರ ಬೆನ್ನ ಹಿಂದೆ ಅದನ್ನೇ ಹೇಳಿ ನಗುತ್ತಿದ್ದರು. ಅವರ ಹೆಂಡತಿಯೂ ಹೇಳುತ್ತಿದ್ದಳು: "ರಾತ್ರಿಗೆ ಏನ ಪಲ್ಯ ಮಾಡ್ಲಿ ಅಂದ್ರ ಯಾಕ ಬೇಕು ಅಂತಾರ ಅಕ್ಕಾರ. ಇಂಥವರ ಜೋಡಿ ಹೆಂಗ ಬಾಳೇವು ಮಾಡ್ಬೇಕು?"

ಆ ಮಾತಿಗೆ ನಾವು ನಗುವುದನ್ನು ಬಿಟ್ಟ ದಿನವೊಂದಿದೆ. ಆಗ ತಾನೇ ಕೆಲಸಕ್ಕೆ ಸೇರಿದ್ದ ಸಹೋದ್ಯೋಗಿಯೊಬ್ಬ ಕಚೇರಿಯ ಫೋನು ಎತ್ತಿ ಹಿಂದಿಯಲ್ಲಿ ಮಾತಾಡುತ್ತಿದ್ದ. ದಿಲ್ಲಿಯ ದೊಡ್ಡ ಕಚೇರಿಯಿಂದ ಎಂದು ಆ ಕಡೆಯವರು ಹೇಳಿದರಂತೆ. ಡ್ಯಾಮಿನ ಕಾವಲಿಗೆ ಎಷ್ಟು ಪೊಲೀಸರು, ಪಾಳಿ ಯಾವಾಗ ಬದಲಾಗುತ್ತದೆ ಎಂದೆಲ್ಲ ಕೇಳುತ್ತಿದ್ದರು. ಇವನು "ಹಾಂ ಜಿ, ಹಾಂ ಜಿ" ಎನ್ನುತ್ತ ಹೇಳಲು ಶುರುಮಾಡಿದ್ದನಷ್ಟೇ. ಹವಾಲ್ದಾರರು ಎದ್ದು ಬಂದು, ಅವನ ಕೈಯಿಂದ ಮೆಲ್ಲಗೆ ಫೋನು ತೆಗೆದುಕೊಂಡು, ಹಿಂದಿಯಲ್ಲಿ ತಮ್ಮ ಅದೇ ಪ್ರಶ್ನೆ ಕೇಳಿದರು. ಆ ಕಡೆಯ ದನಿ ಏರಿತು. ಇವರದು ಏರಲಿಲ್ಲ. "ಸಾಹೇಬ್ರ, ನೀವ ಬರ್ರಿ, ಚಹಾ ಕುಡಿಸಿ ಎಲ್ಲಾ ತೋರಿಸ್ತೀವಿ" ಎಂಬರ್ಥದ ಮಾತು ಹೇಳುತ್ತಿದ್ದಂತೆ ಫೋನು ಕಟ್ಟಾಯಿತು. ಸೈಕಲ್ ಹತ್ತಿ ಹೋಗಿ ಪೊಲೀಸರಿಗೆ ತಿಳಿಸಿ ಬಂದರು.

ಆ ಹುಡುಗನ ಮುಖ ಸಣ್ಣದಾಗಿತ್ತು. "ಭಾಳ ಛಲೋ ಮಾತಾಡಿದ್ರುರೀ, ನಂಗ ಸಂಶೇನ ಬರಲಿಲ್ಲ" ಎಂದ. ಹವಾಲ್ದಾರರು ಬೈಯಲಿಲ್ಲ. ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, "ಕೆಟ್ಟ ಮಂದಿ ಕೆಟ್ಟಗ ಮಾತಾಡಿದ್ರ ಜಗತ್ತಿನ್ಯಾಗ ಯಾರೂ ಸಿಕ್ಕೊಳ್ತಿದ್ದಿಲ್ಲ ತಮ್ಮ" ಎಂದರು. ಹೇಳುವಾಗ ಅವರ ದನಿಯಲ್ಲಿ ಬುದ್ಧಿವಾದವಿರಲಿಲ್ಲ, ನೋವಿತ್ತು. ಅದು ಯಾವ ನೋವೆಂದು ನನಗೆ ಆಗ ತಿಳಿದಿರಲಿಲ್ಲ.

ತಿಳಿದದ್ದು ಟೀವಿಯ ಒಂದು ಸುದ್ದಿಯಿಂದ. ಎಲ್ಲೋ ಉತ್ತರದಲ್ಲಿ ಒಬ್ಬ ಸೈನಿಕನನ್ನು ಹಿಡಿದಿದ್ದರು. ಹೊರದೇಶದವರಿಗೆ ಗುಟ್ಟು ಕಳಿಸಿದನೆಂದು. ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತ ಎಲ್ಲರೂ ನ್ಯಾಯಾಧೀಶರಾದರು. ಒಬ್ಬರು ಗುಂಡಿಕ್ಕಬೇಕೆಂದರು, ಒಬ್ಬರು ಅವನ ಮನೆಮಂದಿಯನ್ನೆಲ್ಲ ಊರು ಬಿಡಿಸಬೇಕೆಂದರು. ಹವಾಲ್ದಾರರು ಚಹಾದ ಲೋಟ ಹಾಗೇ ಇಟ್ಟು ಎದ್ದರು.

"ನೀವು ಮಿಲಿಟ್ರಿಯವರು, ನೀವ ಹೇಳ್ರಿ ಸುಬೇದಾರ್ರ. ಇಂಥವರಿಗೆ ಏನ ಮಾಡಬೇಕು?"

ಅಂದು ಅವರು ಸುಬೇದಾರ ಎಂಬುದನ್ನು ತಿದ್ದಲಿಲ್ಲ. "ಕಾನೂನು ಏನ ಹೇಳ್ತೈತಿ ಅದನ್ನ ಮಾಡಬೇಕ್ರಿ. ಮುಗದ ಮ್ಯಾಲೆ ಮನಿಗೆ ಕರಕೊಂಡು ಬರಬೇಕು" ಎಂದು ಹೊರಗೆ ನಡೆದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೋ ನಕ್ಕರು.

ಸಂಜೆ ಕಾಂಪೌಂಡಿನ ಆಚೆ ಅವರ ಹೆಂಡತಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. "ನಿಮ್ಮನಿಯವರು ಇವತ್ತ ಹಿಂಗಂದ್ರವ್ವ" ಎಂದು ನಾನು ಸುಮ್ಮನೆ ಹೇಳಿದೆ. ಅವಳ ಕೈ ನಿಂತಿತು. ಮೊರ ಕೆಳಗಿಟ್ಟಳು.

"ಅದು ನಮ್ಮಣ್ಣನ ಸಲುವಾಗಿ ಅಂದ ಮಾತು ಅಕ್ಕಾರ. ನಮ್ಮಣ್ಣನೂ ಮಿಲಿಟ್ರಿಯೊಳಗಿದ್ದ, ಈಗ ಜೈಲಿನ್ಯಾಗ ಅದಾನ. ಇಂಥಾದ್ದ ಕೇಸು."

ಮೊರದಿಂದ ಒಂದು ಕಲ್ಲು ಆಯ್ದು ಆಚೆ ಎಸೆದಳು.

"ಅವನ್ನ ಹಿಡದು ಕೊಟ್ಟಾವ್ರು ಇವರ."

"ಇವರು ಅಂದ್ರ?"

"ಇವರ್ರೀ. ನಮ್ಮನಿಯವರು."

ಅವಳು ಹೇಳಿದ್ದು ಇಷ್ಟು. ಕುಕನೂರಿನ ಹತ್ತಿರ ಅಕ್ಕಪಕ್ಕದ ಎರಡು ಹಳ್ಳಿಗಳು ಅವರವು. ಅವಳ ಅಣ್ಣನೂ ಹವಾಲ್ದಾರರೂ ಕುಕನೂರಿನ ಶಾಲೆಗೆ ಒಟ್ಟಿಗೆ ನಡೆದು ಹೋದವರು. ಸೈನ್ಯದ ಭರ್ತಿ ನಡೆದಾಗ ಇಬ್ಬರೂ ಓಡಿದರು, ಇಬ್ಬರೂ ಗೆದ್ದರು. ಅಣ್ಣನ ತೂಕ ಕಡಿಮೆ ಬೀಳುವ ಹಾಗಿತ್ತು. ಬಾಳೆಹಣ್ಣು ತಿನ್ನಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತಕ್ಕಡಿ ಹತ್ತಿಸಿದವರು ಹವಾಲ್ದಾರರು. "ಅವನ್ನ ಮಿಲಿಟ್ರಿಗೆ ಹಾಕಿದ್ದೂ ಇವರ, ತಗದದ್ದೂ ಇವರ" ಎಂದು ಹೇಳಿ, ಯಾಕೋ ನಕ್ಕಳು. ಕೆಲವು ವರ್ಷಗಳ ಮೇಲೆ ಗಡಿಯ ಕಡೆಯ ಒಂದೇ ದಂಡಿನಲ್ಲಿ ಇಬ್ಬರಿಗೂ ಕೆಲಸ ಬಿತ್ತು. ಅಲ್ಲೇ ಅದು ಆದದ್ದು.

ಅಣ್ಣ ಸಿಕ್ಕಿಬಿದ್ದ ಸುದ್ದಿ ಹಳ್ಳಿಗೆ ಬಂದಾಗ ಅವಳ ನಿಶ್ಚಿತಾರ್ಥ ಆಗಿತ್ತು. ಗಂಡಿನವರು ಮುರಿದುಕೊಂಡರು. ಅಂಗಡಿಯವನು ಮಾತು ನಿಲ್ಲಿಸಿದ. ಕೂಲಿಗೆ ಕರೆಯುವವರು ಅವ್ವನನ್ನು ಬಿಟ್ಟು ಮುಂದಿನ ಮನೆಗೆ ಹೋದರು. ರಜೆಯ ಮೇಲೆ ಊರಿಗೆ ಬಂದ ಹವಾಲ್ದಾರರು ನೆಟ್ಟಗೆ ಅವರ ಮನೆಗೆ ಹೋದರು. ಅವ್ವ ಬಾಗಿಲಲ್ಲಿ ಸಜ್ಜೆ ಕೇರುತ್ತಿದ್ದಳು. ಬಂದವರಿಗೆ ಕೊಡಬೇಕೆಂದು ಒಂದು ಚೊಂಬು ನೀರು ಕೊಟ್ಟಳು. ಅವರು ಕುಡಿಯುವವರೆಗೂ ಸುಮ್ಮನಿದ್ದು ಆಮೇಲೆ ಹೇಳಿದಳಂತೆ: "ನೀರು ಕುಡದಿ. ನೀ ದೇಶಕ್ಕ ಛಲೋ ಮಾಡೀದಿ ಅಂತ ಮಂದಿ ಅಂತಾರ, ಮಾಡಿರಬೇಕು. ನನ್ನ ಕಣ್ಣಿಗೆ ಬೆಳಕು ಕೊಡ್ಸಿದ ಮಗನ್ನ ಒಳಗ ಹಾಕ್ಸೀದಿ. ಇನ್ನ ಮ್ಯಾಲೆ ನನ್ನ ಬಾಗಲಾಗ ನಿಂದ್ರಬ್ಯಾಡ."

ಮುಂದಿನ ರಜೆಯಲ್ಲಿ ಮತ್ತೆ ಹೋಗಿ ನಿಂತರು. ಬೈದಳು. ಅದರ ಮುಂದಿನ ರಜೆಯಲ್ಲೂ ಹೋದರು. ಆ ಸಲ ತಮ್ಮ ತಾಯಿ ತಂದೆಯನ್ನು ಕರೆದುಕೊಂಡು, ಹೆಣ್ಣು ಕೇಳಲು.

"ನಿನಗ ಸಿಟ್ಟು ಬರಲಿಲ್ಲೇನ?" ಎಂದೆ.

"ಬಂತ್ರಿ. ಈಗೂ ಒಮ್ಮೊಮ್ಮೆ ಬರ್ತೈತಿ. ಆದ್ರ ಅಕ್ಕಾರ, ಊರಾಗಿನ ಮಂದಿ ಎಲ್ಲಾ ಮಾರಿ ತಿರುವಿಕೊಂಡು ಹೋಗುವಾಗ, ಬೈಸಿಕೊಳ್ಳಾಕರ ನಮ್ಮ ಮನಿಗೆ ಬಂದಾವ್ರು ಇವರೊಬ್ಬರ. ಅವ್ವ ಒಲ್ಲೆ ಅಂದ್ಲು. ನಾ ಹೂಂ ಅಂದೆ."

ಮದುವೆಯಲ್ಲಿ ಅವ್ವ ಅಕ್ಷತೆ ಹಾಕಲಿಲ್ಲ. ಮೊಮ್ಮಗಳು ಹುಟ್ಟಿದಾಗ ನೋಡಲು ಬಂದಳು. ಅತ್ತೆಯ ಎದುರಿಗೆ ಹೋಗಲು ಧೈರ್ಯವಾಗದೆ ಹವಾಲ್ದಾರರು ತಮ್ಮ ಮನೆಯ ಬಾಗಿಲ ಹೊರಗೇ ನಿಂತಿದ್ದರಂತೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕಿ ಬಹಳ ಹೊತ್ತು ನೋಡಿ, "ನಿನ್ನ ಮನಿಯಾಗೂ ಹೊರಗ ನಿಂದರ್ತೀಯೇನು? ಒಳಗ ಬಾ" ಎಂದಳು. ಅವಳು ತೀರಿಹೋಗುವವರೆಗೆ ಅವರಿಬ್ಬರ ನಡುವೆ ಅದಕ್ಕಿಂತ ದೊಡ್ಡ ಮಾತು ಆಗಲಿಲ್ಲ.

ಮರು ಭಾನುವಾರ ಮಧ್ಯಾಹ್ನ ಹವಾಲ್ದಾರರೇ ನಮ್ಮ ಮನೆಗೆ ಬಂದರು. ನನ್ನ ಯಜಮಾನರೂ ಇದ್ದರು. ಜಗುಲಿಯ ಮೇಲೆ ಕುಳಿತರು. "ಆಕಿ ನಿಮ್ಮ ಮುಂದ ಹೇಳ್ಯಾಳಂತ. ಆಕಿಗೆ ಗೊತ್ತಿದ್ದದ್ದು ಅರ್ಧ. ಉಳಿದರ್ಧ ನಾ ಹೇಳಿಬಿಡ್ತೀನ್ರಿ. ಇಲ್ಲಂದ್ರ ನೀವು ನನ್ನ ದೊಡ್ಡಾಂವನ್ನ ಮಾಡಿಬಿಡ್ತೀರಿ" ಎಂದರು.

ಗೆಳೆಯ ನಗೆಗಾರ, ಹಾಡುಗಾರ. ಒಬ್ಬನೇ ಇರಲು ಬಾರದವನು. ಸೈನ್ಯದ ಗಾಡಿಗಳ ಬಿಡಿಭಾಗ ಇಡುವ ಸಾಮಾನು ಕೋಠಿಯಲ್ಲಿ ಅವನ ಕೆಲಸ. ಫೋನಿನಲ್ಲಿ ಒಬ್ಬ ಹುಡುಗಿಯ ಪರಿಚಯವಾಯಿತು. ಸೈನ್ಯದ ಆಸ್ಪತ್ರೆಯಲ್ಲಿ ನರ್ಸು ಎಂದು ಹೇಳಿಕೊಂಡಿದ್ದಳು. ಆಗ ಊರಲ್ಲಿ ಅವನ ಅವ್ವನಿಗೆ ಕಣ್ಣಿನ ಆಪರೇಷನ್ ಆಗಿತ್ತು. "ಅವ್ವನ ಕಣ್ಣು ಹೆಂಗದಾವು ಅಂತ ದಿನಾ ಕೇಳ್ತಿದ್ಲಂತ್ರಿ. ಯಾವ ಹನಿ ಹಾಕ್ತಾರ, ನೀರು ಬರ್ತೈತೇನು ಅಂತ. ಬ್ಯಾರಕಿನ್ಯಾಗ ನಾವಷ್ಟ ಮಂದಿ ಇದ್ವಿ. ನಾ ಇದ್ದೆ. ಒಬ್ಬರೂ ಕೇಳಿರಲಿಲ್ಲ. ರೊಕ್ಕ ಕೊಟ್ಟು ಅವನ್ನ ಕೊಳ್ಳಾಕ ಆಗ್ತಿದ್ದಿಲ್ಲ. ಇದಕ್ಕ ಬಿದ್ದ."

ಮೊದಲು ಸಮವಸ್ತ್ರದ ಫೋಟೋ ಕೇಳಿದಳು. ಆಮೇಲೆ ಹಿಂದೆ ನಿಂತಿರುವ ಗಾಡಿ ಯಾವುದೆಂದು. ಆಮೇಲೆ ಗಾಡಿಗಳು ಯಾವ ಕಡೆ ಹೋಗುತ್ತವೆಂದು. ನೀನು ಎಲ್ಲಿಗೆ ಹೋಗುತ್ತೀ ಎಂದು ಗೊತ್ತಾದರೆ ನಿನಗಾಗಿ ದೇವರಿಗೆ ಕೈ ಮುಗಿಯುತ್ತೇನೆ ಎನ್ನುವಳು. ಒಂದು ಸಂಜೆ ಅವನು ಹಿಗ್ಗಿನಿಂದ ಫೋನು ತಂದು, "ನೋಡಲೇ, ನಾ ಮದುವಿ ಆಗಾಕಿ, ನಿನಗ ವೈನಿ" ಎಂದು ಹವಾಲ್ದಾರರಿಗೆ ತೋರಿಸಿದ. ನಾಲ್ಕು ಸಾಲು ಓದಿ ಅವರು ಫೋನು ಕೆಳಗಿಟ್ಟರು.

"ಇದು ಆಕಿಗೆ ಯಾಕ ಬೇಕು ಅಂತ ಕೇಳಿದೆ ನೋಡ್ರಿ. ಅವ ಆಕಿಗೆ ಒಂದ ಸಲ ಆ ಮಾತು ಕೇಳಿದ್ರ ಸಾಕಿತ್ತು. ನನ್ನ ಮ್ಯಾಲ ಸಿಟ್ಟಾದ. ನಿನಗ ಯಾರೂ ಇಲ್ಲ, ಅದಕ್ಕ ಹೊಟ್ಟಿಕಿಚ್ಚು ಅಂದ. ಮರುದಿನ ಅವನ ಬಂದು ಅತ್ತ."

ಇವರು ಹೇಳಿದರು: ನಡಿ, ಸಾಹೇಬರ ಮುಂದೆ ನೀನೇ ಹೋಗಿ ಹೇಳು, ನಾನು ಜೊತೆಗೆ ಬರುತ್ತೇನೆ. ಅವನು ಆಗಲಿ ಎಂದ. ನಾಳೆ ಎಂದ. ಮತ್ತೆ ನಾಳೆ ಎಂದ. ತಂಗಿಯ ನಿಶ್ಚಿತಾರ್ಥ ಹತ್ತಿರ ಬಂದಿದೆ, ಅದೊಂದು ಮುಗಿಯಲಿ ಎಂದ. ಇವರು ಆಗಲೆಂದು ಕಾದರು.

"ಆ ತಡದ ದಿನಗೊಳಾಗ ಅವ ಆಕಿಗೆ ಇನ್ನ ಸಾಕು ಅಂದಾನ. ಆಕಿ, ಕಳಿಸಿದ್ದೆಲ್ಲಾ ನಿನ್ನ ಸಾಹೇಬಗ ಕಳಸ್ತೀನಿ ಅಂತ ಹೆದರಿಸ್ಯಾಳ. ಹೆದರಿ ಇನ್ನೂ ಒಂದು ಕಳಿಸ್ಯಾನ. ಯಾವ ಗಾಡಿ, ಯಾವ ದಾರಿ ಅಂತ. ಅದನ್ನ ನನ್ನ ಮುಂದ ಹೇಳಿದ. ನಾ ಬೆಲ್ಟು ಸರಿ ಮಾಡ್ಕೊಂಡು ಸಾಹೇಬ್ರ ಕಡೆ ಹೋದೆ."

ನನ್ನ ಯಜಮಾನರು, "ನೀವು ಮಾಡಿದ್ದು ಸರಿ ಐತಿ ಬಿಡ್ರಿ" ಎಂದರು.

"ಅವ ಕಡೀ ಸಲ ಕಳಿಸಿದ್ದರಿಂದ ಏನಾತು, ಯಾರಿಗೆ ಏನಾತು, ನನಗ ಯಾರೂ ಹೇಳಲಿಲ್ರಿ. ಹೇಳಬಾರ್ದು, ಅದೂ ಖರೆ. ಏನೂ ಆಗಿರಲಿಕ್ಕಿಲ್ಲ. ಆಗಿದ್ದರೂ ಆಗಿರಬಹುದು. ಗೆಳೆಯಾನ ಕಡಿಂದ ನೋಡಿದ್ರ ನಾ ಭಾಳ ಲಗೂ ಹೋದೆ. ದೇಶದ ಕಡಿಂದ ನೋಡಿದ್ರ ಭಾಳ ತಡಾ ಹೋದೆ. ಎರಡೂ ಕಡೆ ತಪ್ಪಿತು ನೋಡ್ರಿ."

ಸೈನ್ಯದ ನ್ಯಾಯಾಲಯದಲ್ಲಿ ಇವರೇ ಸಾಕ್ಷಿ. ಆರೋಪಿಯನ್ನು ಬಲ್ಲೆಯಾ ಎಂದು ಕೇಳಿದಾಗ "ನನ್ನ ಗೆಳೆಯ, ಸಾಹೇಬ್" ಎಂದಿದ್ದರು. ಹೌದೋ ಅಲ್ಲವೋ ಅಷ್ಟೇ ಹೇಳು ಎಂದರಂತೆ. "ಹೌದು" ಎಂದರು. ಆ ಹುಡುಗಿ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಒಬ್ಬಳೋ, ನಾಲ್ಕು ಜನವೋ, ಹೆಣ್ಣೋ ಗಂಡೋ, ಕೊನೆಗೂ ತಿಳಿಯಲಿಲ್ಲ.

ಗೆಳೆಯನ ಬಿಡುಗಡೆಯಾದದ್ದು ಇದಾದ ಸ್ವಲ್ಪ ಕಾಲಕ್ಕೆ. ತಾನು ಹೋಗಿ ಕರೆತರುತ್ತೇನೆಂದು ಹೆಂಡತಿ ಹೊರಟಿದ್ದಳು. "ನೀ ಮನ್ಯಾಗ ಇರು. ನಾನ ಕಳಿಸೀನಿ, ನಾನ ಕರಕೊಂಡು ಬರ್ತೀನಿ" ಎಂದು ಹವಾಲ್ದಾರರು ರಜೆ ಹಾಕಿ ಹೋದರು. ಮುನಿರಾಬಾದ್ ಸ್ಟೇಷನ್ನಿನಿಂದ ಇಬ್ಬರೂ ನಡೆದು ಬಂದದ್ದನ್ನು ನಾನು ನೋಡಿದ್ದೇನೆ. ಇಬ್ಬರ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಒಂದೇ ವಯಸ್ಸಿನವರು, ಆದರೆ ಆತನ ತಲೆ ಪೂರ್ತಿ ಬೆಳ್ಳಗಾಗಿತ್ತು. ತಂಗಿ ಬಾಗಿಲಲ್ಲಿ ನಿಂತು ಅಳಲಿಲ್ಲ. ಕಾಲಿಗೆ ನೀರು ಕೊಟ್ಟಳು. ಆಮೇಲೆ ಅಡುಗೆಮನೆಯಿಂದ ಅಳುವುದು ನಮಗೆ ಕೇಳಿಸಿತು.

"ಮಾಮಾ, ಇಷ್ಟ ದಿನಾ ಎಲ್ಲಿದ್ದಿ?" ಎಂದು ಮಗಳು ಕೇಳಿದಾಗ ದೂರದ ಕೆಲಸವೆಂದು ಏನೋ ಹೇಳಲು ತಾಯಿ ಬಾಯಿ ತೆರೆದಿದ್ದಳು. ಹವಾಲ್ದಾರರು, "ಜೈಲಿನ್ಯಾಗ ಇದ್ದ. ತಪ್ಪು ಮಾಡಿದ್ದ. ಶಿಕ್ಷಾ ಮುಗೀತು, ಬಂದ" ಎಂದರು. ಗೆಳೆಯ ತಟ್ಟೆಯಿಂದ ತಲೆ ಎತ್ತಿ ಅವರನ್ನು ನೋಡಿದ. ಬಂದಾಗಿನಿಂದ ಅವನು ಅವರನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು ಎಂದು ಅವಳು ಆಮೇಲೆ ಹೇಳಿದಳು.

ಕಾಲೋನಿಯಲ್ಲಿ ಗುಸುಗುಸು ಏಳುವ ಮೊದಲೇ ಹವಾಲ್ದಾರರು ಸಾಹೇಬರಿಗೂ ಪೊಲೀಸರಿಗೂ ಹೋಗಿ ತಾವೇ ತಿಳಿಸಿದ್ದರು: ಇಂಥವನು, ಇಂಥ ಕೇಸಿನವನು, ನನ್ನ ಮನೆಯಲ್ಲಿದ್ದಾನೆ. ಯಾರೂ ಬೇಡವೆನ್ನಲಿಲ್ಲ. ಆದರೂ ಒಂದು ದಿನ ಗೆಳೆಯನನ್ನು ಹೊರಗೆ ಕೂರಿಸಿಕೊಂಡು, "ಮನಿ ನಿಂದು. ಆದ್ರ ಇದು ಡ್ಯಾಮಿನ ಜಾಗಾ. ಇಲ್ಲಿ ನಿನ್ನ ಇಟ್ಕೊಳ್ಳೂದು ಸರಿ ಅಲ್ಲ. ನಾಳೆ ಎಲ್ಲೆರ ಒಂದು ಕಲ್ಲು ಬಿದ್ರೂ ನಿನ್ನ ಹೆಸರ ತಗೀತಾರ" ಎಂದರು. ಆನೆಗೊಂದಿಯ ಪರಿಚಯದವರ ಬಾಳೆತೋಟದಲ್ಲಿ ಕೆಲಸ, ಇರಲು ಒಂದು ಕೋಣೆ ಗೊತ್ತುಮಾಡಿ ಬಂದಿದ್ದರು. ಹೆಂಡತಿ ಕೆಂಡವಾದಳು. ಕರೆದುಕೊಂಡು ಬಂದು ಮತ್ತೆ ಹೊರಗೆ ಹಾಕುತ್ತೀರಾ ಎಂದು ಬೈದಳು. ಆ ದಿನಗಳಲ್ಲಿ "ರೊಟ್ಟಿ ಹಾಕ್ತಾಳ್ರಿ, ಮಾತು ಹಾಕಂಗಿಲ್ಲ" ಎಂದು ಹವಾಲ್ದಾರರು ಕಚೇರಿಯಲ್ಲಿ ನನ್ನ ಮುಂದೆ ಹೇಳಿಕೊಂಡರು. ಅವರು ಮಾಡಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ಹೇಳಲಾಗದು. ಗೆಳೆಯ ಮಾತ್ರ ಎದುರು ಮಾತಾಡದೆ ಹೋದ. ಗೊನೆ ಕಡಿಯುವುದು, ಹೊರುವುದು, ದಿಂಡು ಸೀಳಿ ನಾರು ತೆಗೆಯುವುದು ಅವನ ಕೆಲಸವಾಯಿತು. ಫೋನು ಇಟ್ಟುಕೊಳ್ಳಲಿಲ್ಲ.

ಪ್ರತಿ ಭಾನುವಾರ ತಂಗಿಯ ಮನೆಗೆ ಬರುವನು. ಇಬ್ಬರೂ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವರು. ಮಾತು ಕಡಿಮೆ. ಮಳೆ, ನದಿಯ ನೀರು, ಬಾಳೆಯ ರೋಗ. ಒಂದು ಭಾನುವಾರ ಮಾತ್ರ ದನಿ ಏರಿತು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ.

"ಇನ್ನೊಂದೀಟು ತಡದಿದ್ರ ನಾನ ಹೋಗಿ ಹೇಳ್ತಿದ್ದೆ! ನೀ ತಡೀಲಿಲ್ಲ!"

"ತಡದೆ. ತಡದಾಗ ನೀ ಏನ ಮಾಡಿದಿ?"

ಆಮೇಲೆ ಗೇಟು ತೆರೆದು ಹಾಕಿಕೊಂಡ ಸಪ್ಪಳ. ಇನ್ನು ಇವನು ಬರುವುದಿಲ್ಲ ಎಂದುಕೊಂಡೆ. ಮುಂದಿನ ಭಾನುವಾರ ಹೆಗಲ ಮೇಲೆ ಒಂದು ಬಾಳೆಗೊನೆ ಹೊತ್ತುಕೊಂಡು ಬಂದ. ಹವಾಲ್ದಾರರು ಅದನ್ನು ಇಳಿಸಿಕೊಳ್ಳಲು ಕೈ ಕೊಟ್ಟರು. ಗೊನೆಯ ಹಣ್ಣು ಇಡೀ ಕಾಲೋನಿಗೆ ಹಂಚಿಕೆಯಾಯಿತು. ಕೆಲವರು ತೆಗೆದುಕೊಳ್ಳಲಿಲ್ಲ.

ಹೋದ ವರ್ಷ, ಬೆಳಗಿನ ಹೊತ್ತು, ಕಚೇರಿಯಲ್ಲಿ ಎದೆ ಹಿಡಿದುಕೊಂಡು ಹವಾಲ್ದಾರರು ಮೇಜಿನ ಮೇಲೆ ಬಾಗಿದರು. ಹೊಸಪೇಟೆಯ ಆಸ್ಪತ್ರೆಗೆ ಒಯ್ದೆವು. ಹೊಳೆ ದಾಟಿದರೆ ಆಯಿತು, ದೂರವೇನಿಲ್ಲ. ಆದರೂ ಅವರು ಉಳಿಯಲಿಲ್ಲ. ಸಾಯುವ ವಯಸ್ಸಲ್ಲ.

ಮಣ್ಣು ಮಾಡಿದ್ದು ಅವರ ಹಳ್ಳಿಯಲ್ಲಿ. ಕುಣಿ ತೋಡುವವರ ಜೊತೆ ಗೆಳೆಯ ಬೆಳಗಿನಿಂದ ಗುದ್ದಲಿ ಹಿಡಿದಿದ್ದ. ಕೊಪ್ಪಳದಿಂದ ಮಾಜಿ ಸೈನಿಕರು ಹೂವಿನ ಚಕ್ರ ತಂದು, ಟೋಪಿ ಹಾಕಿಕೊಂಡು, ಸಾಲಾಗಿ ನಿಂತರು. ಅವರಲ್ಲಿ ಕೆಲವರಿಗೆ ಇವನು ಯಾರೆಂದು ಗೊತ್ತಿತ್ತು, ಅವರ ಮುಖಗಳು ಬಿಗಿಯಾಗಿದ್ದವು. ಇವನು ಗುದ್ದಲಿ ಬಿಟ್ಟು ದೂರ ಸರಿದು ನಿಂತ. ಅವರೆಲ್ಲ ಸೆಲ್ಯೂಟ್ ಹೊಡೆದಾಗ ಇವನ ಬಲಗೈ ತಾನೇ ಎದ್ದಿತು. ಎದೆಯವರೆಗೆ ಬಂದು ಅಲ್ಲಿಯೇ ನಿಂತಿತು. ಸಾಲಿನ ಕೊನೆಯಲ್ಲಿದ್ದ ವಯಸ್ಸಾದ ಸುಬೇದಾರರೊಬ್ಬರು ಅದನ್ನು ನೋಡಿದರು. ಎಲ್ಲ ಮುಗಿದ ಮೇಲೆ ಇವನ ಹತ್ತಿರ ಬಂದು, "ಮಾಡಪಾ. ನಾ ಈ ಕಡೆ ತಿರುಗಿ ನಿಂದರ್ತೀನಿ, ನೋಡಂಗಿಲ್ಲ" ಎಂದರು. ನಿಜವಾಗಿಯೂ ಬೆನ್ನು ತಿರುಗಿಸಿ ನಿಂತರು.

"ಬ್ಯಾಡ್ರಿ ಸಾಹೇಬ್ರ. ಅದು ಈಗ ನಂದಲ್ಲ" ಎಂದು ಇವನು ಎರಡೂ ಕೈ ಮುಗಿದ. ಆಮೇಲೆ ಕುಣಿಗೆ ಮಣ್ಣು ಎಳೆಯತೊಡಗಿದ.

ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಅವಳನ್ನು ಮಾತಾಡಿಸಲು ಹೋದೆ. ಅಣ್ಣ ಬಂದಿದ್ದ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲ ಬಳಿ ಕುಳಿತೆ. ಪಡಸಾಲೆಯ ಗೋಡೆಯ ಮೇಲೆ ಹವಾಲ್ದಾರರ ಫೋಟೋ ಹಾಕಿದ್ದರು. ಅದನ್ನು ನೋಡುತ್ತ ಅವನು ನನ್ನೊಡನೆ ಮಾತಿಗೆ ತೊಡಗಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅಕ್ಕಾರ, ಅವ ಹೋಗಿ ಹೇಳಿದ ದಿನ ನನ್ನ ಕೈಯಾಗ ಹಗ್ಗ ಇತ್ತು. ಸಾಮಾನು ಕೋಠಿಯೊಳಗ ತಗೊಂಡು ಇಟ್ಟಿದ್ದೆ. ನಾನ ಹೋಗಿ ಹೇಳ್ತಿದ್ದೆ ಅಂತ ಇಷ್ಟ ದಿನ ಅಂದೆನಲ್ಲ, ಅದು ಸುಳ್ಳು. ನಾ ಹೇಳ್ತಿದ್ದಿಲ್ಲ. ಹಿಡಿಯಾಕ ಬಂದವರ ಕಾಲ ಸಪ್ಪಳ ಕೇಳಿದಾಗ ನನಗ ಹೆಂಗಾತು ಗೊತ್ತೇನ್ರಿ? ಉಸಿರು ಬಂದಂಗಾತು. ಅವ ಹಿಡದು ಕೊಟ್ಟ, ಅದಕ್ಕ ನಾ ಉಳಿದೀನಿ."

"ಇದನ್ನ ಅವರಿಗೆ ಹೇಳಿದ್ದೇನು?" ಎಂದು ಕೇಳಿದೆ.

ಅವನು ತಲೆಯಾಡಿಸಿದ. "ಪ್ರತಿ ಆಯ್ತವಾರ ಬರೂವಾಗ ಇವತ್ತ ಹೇಳಬೇಕು ಅಂತನ ಬರ್ತಿದ್ದೆ. ಗಿಡದ ಕೆಳಗ ಕುಂತಾಗ ಹೇಳೂನು ಅಂತಿದ್ದೆ, ಬಾಯಿ ಬರ್ತಿದ್ದಿಲ್ಲ. ಸಂಜೀಗೆ ಬಸ್ ಸ್ಟ್ಯಾಂಡಿನ ತನಕ ಇಬ್ಬರೂ ನಡಕೊಂಡು ಹೋಗ್ತಿದ್ವಿ. ಅಲ್ಲೆ ಹೇಳೂನು ಅಂತಿದ್ದೆ. ಅಷ್ಟರಾಗ ಬಸ್ಸು ಬಂದುಬಿಡ್ತಿತ್ತು."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಯಣ್ಣಾ, ಅವರಿಗೆ ಮಂಡಿ ನೋವಿತ್ತು. ಕಚೇರಿಗೆ ಸುದ್ಧಾ ಸೈಕಲ್ ಮ್ಯಾಲ ಹೋಗ್ತಿದ್ರು. ನಿನ್ನ ಜೋಡಿ ಬಸ್ ಸ್ಟ್ಯಾಂಡಿನ ತನಕ ಯಾಕ ನಡಕೊಂಡು ಬರ್ತಿದ್ರು ಅಂತ ಮಾಡೀದಿ?"

ಅವನು ತಂಗಿಯ ಮುಖ ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಬಾಳೆಯ ಕರೆ ಹತ್ತಿ ಕಪ್ಪಾಗಿದ್ದವು ಆ ಕೈಗಳು. ಅವಳು ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದು ಅವನ ಮುಂದೆ ಇಟ್ಟಳು. ಅವನು ಬಹಳ ಹೊತ್ತು ಮುಟ್ಟಲಿಲ್ಲ. ಅವಳೂ ಅವಸರ ಮಾಡಲಿಲ್ಲ, ಅವನ ಎದುರಿಗೇ ನೆಲದ ಮೇಲೆ ಕುಳಿತಳು.